ಲೆವೆಲ್ ಒಂದೇ, ವೇಗ ಯಾಕೆ ಬೇರೆ? ಪೋಕೆಮಾನ್ ಸಾಕಲು ಹೊರಟವರಿಗೆ

"ಮಾಮ, ನನ್ನ ಭೀಮನೂ ಲೆವೆಲ್ 50. ಅವನ ಗಾರ್ಚಾಂಪೂ ಲೆವೆಲ್ 50. ಆದ್ರೂ ಯಾವಾಗ್ಲೂ ಅವನದೇ ಯಾಕೆ ಮೊದಲು ಹೊಡೆಯುತ್ತೆ?"

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ನಿಂಟೆಂಡೊ ಸ್ವಿಚ್ ಅನ್ನೋ ಆಟದ ಯಂತ್ರವನ್ನು ನನ್ನ ಮಡಿಲಲ್ಲಿಟ್ಟು ಹೀಗೆ ಕೇಳಿದ. ಅವನು ಆಡುತ್ತಿದ್ದದ್ದು ಪೋಕೆಮಾನ್ ಸ್ಕಾರ್ಲೆಟ್, ಪೋಕೆಮಾನ್ ಅನ್ನೋ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾಳಗಕ್ಕೆ ಇಳಿಸುವ ಆಟ. ಭೀಮ ಅಂದರೆ ಅವನು ಹೆಸರಿಟ್ಟು ಸಾಕಿದ ಗಾರ್ಚಾಂಪ್. ಗೆಳೆಯನ ಹತ್ತಿರವೂ ಅದೇ ಜಾತಿಯ ಪೋಕೆಮಾನ್ ಇದೆ. ಇಬ್ಬರೂ ಎದುರುಬದುರು ನಿಂತಾಗಲೆಲ್ಲ ಗೆಳೆಯನದೇ ಮೊದಲ ಏಟು. ಆ ಒಂದೇ ಏಟಿಗೆ ಭೀಮನ ಆಯಸ್ಸು ತಳ ಕಾಣುತ್ತಿತ್ತು. "ಇದು ಸರಿಯಿಲ್ಲ, ಇದನ್ನ ಬಿಟ್ಟು ಬೇರೆ ಹಿಡೀತೀನಿ" ಅಂತ ಹುಡುಗ ಬೇಜಾರಿನಲ್ಲಿದ್ದ.

ಬಿಡಬೇಡ ಅಂದೆ. ಗೆಳೆಯನಿಂದ ಅವನ ಪರದೆಯ ಫೋಟೊ ತರಿಸಿಕೊಂಡು ಎರಡರ ವೇಗವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಭೀಮನದು 113. ಗೆಳೆಯನದು 169. ವ್ಯತ್ಯಾಸ 56.

ಈ 56 ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿದರೆ ಪೋಕೆಮಾನ್ ಸಾಕುವ ಲೆಕ್ಕದ ಮುಕ್ಕಾಲು ಪಾಲು ಕೈಗೆ ಬಂದ ಹಾಗೆ. ಹೊಸದಾಗಿ ಆಡುವವರು ಲೆವೆಲ್ ಒಂದನ್ನೇ ನೋಡುತ್ತಾರೆ. ಸ್ವಲ್ಪ ತಿಳಿದವರು "ಹುಟ್ಟಿನಿಂದಲೇ ಚೆನ್ನಾಗಿರಬೇಕು" ಅಂತ ಒಂದೇ ಜಾತಿಯ ಹತ್ತಾರು ಮರಿ ಹಿಡಿದು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಲೆಕ್ಕ ಮಾಡಿದರೆ ಬೇರೆಯೇ ಕಥೆ ಕಾಣುತ್ತದೆ.

ತಳಿ, ಹುಟ್ಟು, ಸಾಕಣೆ, ಸ್ವಭಾವ

ಪ್ರತಿ ಪೋಕೆಮಾನ್‌ಗೂ ಆರು ಅಂಕಗಳಿವೆ. ಆಯಸ್ಸು, ಅಂದರೆ ಎಚ್‌ಪಿ. ಅಟ್ಯಾಕ್, ಡಿಫೆನ್ಸ್. ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್. ಆರನೆಯದು ಸ್ಪೀಡ್. ಯಾರು ಮೊದಲು ಹೊಡೆಯಬೇಕು ಅನ್ನೋದನ್ನು ಸಾಮಾನ್ಯವಾಗಿ ಸ್ಪೀಡ್ ತೀರ್ಮಾನಿಸುತ್ತದೆ. ಒಂದೇ ಒಂದು ಅಂಕ ಜಾಸ್ತಿ ಇದ್ದರೂ ಸಾಕು.

ಈ ಅಂಕಗಳಿಗೆ ಬುನಾದಿ ಜಾತಿಯಿಂದ ಬರುತ್ತದೆ. ಅದನ್ನು ಬೇಸ್ ಸ್ಟ್ಯಾಟ್ ಅನ್ನುತ್ತಾರೆ. ಗಾರ್ಚಾಂಪ್ ಜಾತಿಗೆ ಎಚ್‌ಪಿ 108, ಅಟ್ಯಾಕ್ 130, ಡಿಫೆನ್ಸ್ 95, ಸ್ಪೆಷಲ್ ಅಟ್ಯಾಕ್ 80, ಸ್ಪೆಷಲ್ ಡಿಫೆನ್ಸ್ 85, ಸ್ಪೀಡ್ 102. ಎಲ್ಲ ಸೇರಿದರೆ 600. ಭೀಮನಿಗೂ ಇದೇ, ಗೆಳೆಯನದಕ್ಕೂ ಇದೇ. ದನಗಳಲ್ಲಿ ತಳಿ ಅಂತೀವಲ್ಲ, ಹಾಗೆ. ಒಂದೇ ತಳಿಯ ಎರಡು ಕರುಗಳ ನಡುವೆ ಇದರಿಂದ ವ್ಯತ್ಯಾಸ ಬರುವುದಿಲ್ಲ.

ವ್ಯತ್ಯಾಸ ಶುರುವಾಗುವುದು ಹುಟ್ಟಿನಿಂದ. ಪ್ರತಿ ಪೋಕೆಮಾನ್ ಸಿಕ್ಕಾಗಲೇ ಆರು ಅಂಕಗಳಿಗೂ 0ಯಿಂದ 31ರವರೆಗೆ ಒಂದೊಂದು ಗುಪ್ತ ಸಂಖ್ಯೆ ಇರುತ್ತದೆ. ಆಟಗಾರರು ಇದನ್ನು ಐವಿ ಅಂತಾರೆ. ಎರಡನೆಯದು ಇವಿ. ಇದು ಹುಟ್ಟಿನಿಂದ ಬಂದದ್ದಲ್ಲ, ನೀವು ಸಾಕಿದ ರೀತಿಯಿಂದ ಸೇರುವುದು. ಮೂರನೆಯದು ನೇಚರ್, ಅಂದರೆ ಸ್ವಭಾವ.

ಈಗ ಲೆಕ್ಕ. ಬೇಸ್ ಅಂಕವನ್ನು ಎರಡರಿಂದ ಗುಣಿಸಿ. ಐವಿ ಕೂಡಿಸಿ. ಇವಿಯ ಕಾಲು ಭಾಗ ಕೂಡಿಸಿ. ಲೆವೆಲ್ 50 ಆದ್ದರಿಂದ ಬಂದದ್ದರಲ್ಲಿ ಅರ್ಧ ತೆಗೆದುಕೊಂಡು 5 ಸೇರಿಸಿ. ಕೊನೆಗೆ ನೇಚರ್‌ನ ಶೇಕಡಾ ಲೆಕ್ಕ. ಪ್ರತಿ ಹಂತದಲ್ಲೂ ಚಿಲ್ಲರೆ ಬಿಟ್ಟುಬಿಡಿ. ಎಚ್‌ಪಿ ಒಂದಕ್ಕೆ ಸೂತ್ರ ಸ್ವಲ್ಪ ಬೇರೆ. ಉಳಿದ ಐದಕ್ಕೂ ಇದೇ.

ಭೀಮನ ಸ್ಪೀಡ್ ಐವಿ 12. ಇವಿ ಸೊನ್ನೆ. ನೇಚರ್‌ನಿಂದ ವೇಗಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 204ಕ್ಕೆ 12 ಸೇರಿದರೆ 216, ಅರ್ಧ 108, ಜೊತೆಗೆ 5. ಒಟ್ಟು 113.

ಗೆಳೆಯನದರ ಐವಿ 31. ಅದೊಂದರಿಂದಲೇ ವೇಗ 122 ಆಗುತ್ತಿತ್ತು. ಅಂದರೆ 9 ಅಂಕ ಜಾಸ್ತಿ. ಅದರ ಮೇಲೆ ಅವನು ಸ್ಪೀಡ್‌ಗೆ 252 ಇವಿ ತುಂಬಿಸಿದ್ದ. ಅದರಿಂದ 154. ಇದು 32 ಅಂಕದ ಜಿಗಿತ. ಅದಕ್ಕೂ ಮೇಲೆ ಜಾಲಿ ಅನ್ನೋ ನೇಚರ್, ವೇಗವನ್ನು ಶೇಕಡಾ 10 ಏರಿಸುವಂಥದ್ದು. ಅಲ್ಲಿಗೆ 169. ಅದು 15 ಅಂಕ.

9, 32, 15. ಮೂರೂ ಸೇರಿ 56.

ನೋಡಿ, ಹುಟ್ಟಿನಿಂದ ಬಂದದ್ದು ಬರೀ 9. ಸಾಕಣೆಯಿಂದ ಬಂದದ್ದು 32. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಹುಡುಗ ಸುಮ್ಮನೆ ಒಂದು ಕ್ಷಣ ನೋಡಿದ. ಅವನು ಬಿಡಲು ಹೊರಟದ್ದು ಆ 9 ಅಂಕದ ಕೊರತೆಗೆ. ಭೀಮನಿಗೆ ನಿಜವಾಗಿ ಸಿಗದೇ ಹೋದದ್ದು ಆ 32.

ಕ್ಯಾಂಡಿ ತಿಂದು ಬೆಳೆದ ಮರಿ

ಭೀಮನ ಇವಿ ಸೊನ್ನೆ ಯಾಕಾಯಿತು? ಹುಡುಗ ಗಿಬಲ್ ಅನ್ನೋ ಪುಟ್ಟ ಮರಿ ಹಿಡಿದ ದಿನವೇ ಅದಕ್ಕೆ ಲೆವೆಲ್ ಏರಿಸುವ ಕ್ಯಾಂಡಿ ತಿನ್ನಿಸುತ್ತಾ ಹೋಗಿದ್ದ. 24ನೇ ಲೆವೆಲ್‌ಗೆ ಅದು ಗ್ಯಾಬೈಟ್ ಆಯಿತು, 48ಕ್ಕೆ ಗಾರ್ಚಾಂಪ್ ಆಯಿತು, ಅರ್ಧ ಗಂಟೆಯಲ್ಲಿ 50 ಮುಟ್ಟಿತು. ಒಂದೂ ಕಾಳಗ ಆಡಿರಲಿಲ್ಲ.

ಕ್ಯಾಂಡಿ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಎಕ್ಸ್‌ಪಿ ಕ್ಯಾಂಡಿಯಲ್ಲಿ ಐದು ಗಾತ್ರಗಳಿವೆ. ಸಣ್ಣದು 100 ಅನುಭವದ ಅಂಕ ಕೊಟ್ಟರೆ ಅತಿ ದೊಡ್ಡದು 30,000 ಕೊಡುತ್ತದೆ. ಗಾರ್ಚಾಂಪ್ ನಿಧಾನಕ್ಕೆ ಬೆಳೆಯುವ ಗುಂಪಿನದು. 50ನೇ ಲೆವೆಲ್‌ಗೆ 1,56,250 ಅಂಕ ಬೇಕು. 100ನೇ ಲೆವೆಲ್‌ಗೆ 12,50,000. ಅಂದರೆ 50ಕ್ಕೆ ಬೇಕಾದದ್ದರ ಎಂಟು ಪಟ್ಟು. ಪಿಕಾಚು 10 ಲಕ್ಷಕ್ಕೇ 100 ಮುಟ್ಟುತ್ತದೆ. ಇಷ್ಟನ್ನೆಲ್ಲ ಕಾಳಗ ಮಾಡಿಯೇ ಗಳಿಸಬೇಕು ಅಂದರೆ ದಿನಗಟ್ಟಲೆ ಕೂರಬೇಕು. ಹಾಗಾಗಿ ಲೆವೆಲ್ ಏರಿಸಲು ಕ್ಯಾಂಡಿ ಧಾರಾಳವಾಗಿ ಬಳಸಿ. ಆದರೆ ಕ್ಯಾಂಡಿ ಕೊಡುವುದು ಲೆವೆಲ್ ಮಾತ್ರ. ಅದರಿಂದ ಒಂದು ಇವಿಯೂ ಬರುವುದಿಲ್ಲ. ರೇರ್ ಕ್ಯಾಂಡಿಯ ಕಥೆಯೂ ಅಷ್ಟೇ.

ಇನ್ನೊಂದು ಮಾತು. 100ನೇ ಲೆವೆಲ್ ಹಿಂದೆ ಬೀಳಬೇಡಿ. ಆನ್‌ಲೈನ್‌ನ ರ‍್ಯಾಂಕ್ ಪಂದ್ಯಗಳಲ್ಲಿ ಎಲ್ಲರ ಪೋಕೆಮಾನ್‌ಗಳನ್ನೂ ಲೆವೆಲ್ 50 ಅಂತಲೇ ಲೆಕ್ಕ ಹಿಡಿಯುತ್ತಾರೆ.

ಇವಿ: ಯಾರನ್ನು ಸೋಲಿಸಿದಿರಿ ಅನ್ನೋದೇ ಮುಖ್ಯ

ನೀವು ಸೋಲಿಸಿದ ಪ್ರತಿ ಪೋಕೆಮಾನ್ ಅನುಭವದ ಜೊತೆಗೆ ಯಾವುದೋ ಒಂದು ಅಂಕಕ್ಕೆ ಒಂದೆರಡು ಇವಿ ಕೊಟ್ಟು ಹೋಗುತ್ತದೆ. ಫ್ಲೆಚ್ಲಿಂಗ್ ಹಕ್ಕಿ ಸ್ಪೀಡ್‌ಗೆ 1 ಕೊಡುತ್ತದೆ. ಹಂದಿಮರಿಯಂಥ ಲೆಚಾಂಕ್ ಎಚ್‌ಪಿಗೆ 1. ಗ್ಯಾಸ್ಟ್ಲಿ ಸ್ಪೆಷಲ್ ಅಟ್ಯಾಕ್‌ಗೆ 1. ಚಾನ್ಸಿ ಎಚ್‌ಪಿಗೆ 2. ಚುರುಕಾದ ಎದುರಾಳಿಯ ಜೊತೆ ಓಡಾಡಿದರೆ ನಿಮ್ಮದೂ ಚುರುಕಾಗುತ್ತದೆ ಅಂತ ಇಟ್ಟುಕೊಳ್ಳಿ. ನೆನಪಿಡಲು ಸುಲಭ.

ಇದಕ್ಕೆ ಮಿತಿ ಇದೆ. ಒಂದು ಅಂಕಕ್ಕೆ ಗರಿಷ್ಠ 252. ಆರೂ ಸೇರಿ 510. ಅಂದರೆ ಎರಡು ಅಂಕಗಳನ್ನು ಪೂರ್ತಿ ತುಂಬಿಸಬಹುದು, ಮೇಲೆ 6 ಉಳಿಯುತ್ತದೆ. ಅದರಲ್ಲಿ 4ನ್ನು ಐವಿ 31 ಇರುವ ಇನ್ನೊಂದಕ್ಕೆ ಹಾಕಿದರೆ ಒಂದು ಅಂಕ ಸಿಗುತ್ತದೆ. ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹಂಚಿದರೆ ಯಾವುದರಲ್ಲೂ ಮುಂದಿಲ್ಲದ ಪೋಕೆಮಾನ್ ಆಗುತ್ತದೆ. ಕಥೆ ಆಡುವಾಗ ಸಿಕ್ಕಸಿಕ್ಕವರನ್ನೆಲ್ಲ ಸೋಲಿಸುತ್ತಾ ಹೋದರೆ ಆಗುವುದು ಹೀಗೆಯೇ. ಕಥೆಗೆ ಅದು ಸಾಕು, ಯೋಚನೆ ಬೇಡ. ಗೆಳೆಯರ ಜೊತೆ ಪಂದ್ಯಕ್ಕೆ ಇಳಿದಾಗ ಸಾಲುವುದಿಲ್ಲ.

ಬೇಗ ತುಂಬಿಸುವ ದಾರಿ ಎರಡು. ಮೊದಲನೆಯದು ಕಾಳಗದ ದಾರಿ. ಪವರ್ ಆಂಕ್ಲೆಟ್ ಅನ್ನೋ ಕಾಲ್ಬಳೆಯಂಥ ವಸ್ತುವನ್ನು ನಿಮ್ಮ ಪೋಕೆಮಾನ್‌ಗೆ ತೊಡಿಸಿದರೆ ಪ್ರತಿ ಗೆಲುವಿಗೆ ಸ್ಪೀಡ್‌ನಲ್ಲಿ 8 ಇವಿ ಹೆಚ್ಚಾಗಿ ಬರುತ್ತದೆ. ಫ್ಲೆಚ್ಲಿಂಗ್‌ನ 1 ಸೇರಿದರೆ 9. 252ನ್ನು 9ರಿಂದ ಭಾಗಿಸಿದರೆ ಸರಿಯಾಗಿ 28. ಇಪ್ಪತ್ತೆಂಟು ಪುಟ್ಟ ಕಾಳಗಗಳು, ಅಷ್ಟೇ. ಉಳಿದ ಅಂಕಗಳಿಗೂ ಇಂಥ ಒಂದೊಂದು ವಸ್ತು ಇದೆ.

ಎರಡನೆಯದು ದುಡ್ಡಿನ ದಾರಿ. ಅಂಗಡಿಯಲ್ಲಿ ಟಾನಿಕ್ ಸಿಗುತ್ತದೆ. ಒಂದು ಬಾಟಲಿಗೆ 10 ಇವಿ. ಅಟ್ಯಾಕ್‌ಗೆ ಪ್ರೋಟೀನ್, ಡಿಫೆನ್ಸ್‌ಗೆ ಐರನ್, ಸ್ಪೆಷಲ್ ಅಟ್ಯಾಕ್‌ಗೆ ಕ್ಯಾಲ್ಸಿಯಂ, ಸ್ಪೆಷಲ್ ಡಿಫೆನ್ಸ್‌ಗೆ ಜಿಂಕ್, ಸ್ಪೀಡ್‌ಗೆ ಕಾರ್ಬೋಸ್, ಆಯಸ್ಸಿಗೆ ಎಚ್‌ಪಿ ಅಪ್. ಸ್ಕಾರ್ಲೆಟ್‌ನಲ್ಲಿ ಒಂದರ ಬೆಲೆ ಆಟದ ದುಡ್ಡಿನಲ್ಲಿ 10,000. ಸೊನ್ನೆಯಿಂದ 252 ತುಂಬಿಸಲು 26 ಬಾಟಲಿ, ಅಂದರೆ 2,60,000. ಹೊಸಬರ ಹತ್ತಿರ ಅಷ್ಟು ದುಡ್ಡು ಎಲ್ಲಿರುತ್ತದೆ, ಅಲ್ವಾ? ನಾನಂತೂ ಮೊದಲ ಒಂದೆರಡು ಪೋಕೆಮಾನ್‌ಗಳನ್ನು ಕಾಳಗದಿಂದಲೇ ಬೆಳೆಸಿ ಅನ್ನುತ್ತೇನೆ. ದುಡ್ಡು ಉಳಿಯುತ್ತದೆ. ಯಾವ ಹುಲ್ಲುಗಾವಲಿನಲ್ಲಿ ಯಾರಿದ್ದಾರೆ ಅನ್ನೋದೂ ಕಣ್ಣಿಗೆ ಕೂರುತ್ತದೆ.

ಎಷ್ಟು ತುಂಬಿದೆ ಅಂತ ನೋಡಲು ಪೋಕೆಮಾನ್‌ನ ವಿವರದ ಪುಟ ತೆರೆದು ಎಲ್ ಗುಂಡಿ ಒತ್ತಿ. ಆರು ಮೂಲೆಯ ಚಿತ್ರ ಬರುತ್ತದೆ. ಪೂರ್ತಿ ತುಂಬಿದ ಅಂಕದ ಹತ್ತಿರ ಮಿಂಚು ಹೊಳೆಯುತ್ತದೆ.

ಒಂದು ಎಚ್ಚರಿಕೆ. ಈಗಿನ ಆಟಗಳಲ್ಲಿ ತಂಡದ ಒಬ್ಬರು ಗೆದ್ದರೆ ಆರೂ ಮಂದಿಗೆ ಅನುಭವ ಹಂಚಿಕೆಯಾಗುತ್ತದೆ. ಇವಿಯೂ ಹಾಗೆಯೇ. ನೀವು ಒಂದಕ್ಕೆ ವೇಗ ಕಲಿಸುವಾಗ ಬಲ ಬೇಕಾದ ಇನ್ನೊಂದರ ಮೇಲೂ ವೇಗದ ಇವಿ ಸುಮ್ನೆ ಬೀಳುತ್ತದೆ. ತರಬೇತಿಯ ಹೊತ್ತಿನಲ್ಲಿ ಅಂಥವನ್ನು ಬಾಕ್ಸ್‌ಗೆ, ಅಂದರೆ ತಂಡದ ಹೊರಗಿನವನ್ನು ಇಡುವ ಜಾಗಕ್ಕೆ, ಕಳಿಸಿ.

ತಪ್ಪಾಗಿ ತುಂಬಿಸಿದರೆ? ಅದಕ್ಕೂ ಮದ್ದಿದೆ. ಟಮಾಟೊ ಅನ್ನೋ ಬೆರ್ರಿ ತಿನ್ನಿಸಿದರೆ ಸ್ಪೀಡ್ ಇವಿ 10 ಇಳಿಯುತ್ತದೆ. ಪೊಮೆಗ್ ತಿನ್ನಿಸಿದರೆ ಎಚ್‌ಪಿಯದು, ಕೆಲ್ಪ್ಸಿ ತಿನ್ನಿಸಿದರೆ ಅಟ್ಯಾಕ್‌ನದು. ಉಳಿದ ಮೂರಕ್ಕೂ ಬೇರೆ ಬೇರೆ ಹಣ್ಣುಗಳಿವೆ. ಹಣ್ಣು ತಿಂದ ಪೋಕೆಮಾನ್‌ಗೆ ನಿಮ್ಮ ಮೇಲೆ ಅಕ್ಕರೆಯೂ ಹೆಚ್ಚುತ್ತದೆ. ಆದ್ದರಿಂದ ಹಳೆಯ ಪೋಕೆಮಾನ್ ಹಾಳಾಯಿತು ಅಂತ ಎಂದೂ ತಿಳಿಯಬೇಡಿ.

ಹುಟ್ಟುಗುಣ ಮತ್ತು ಪುದೀನ

ನೇಚರ್‌ಗಳು ಒಟ್ಟು 25. ಅದರಲ್ಲಿ 20 ನೇಚರ್‌ಗಳು ಒಂದು ಅಂಕವನ್ನು ಶೇಕಡಾ 10 ಏರಿಸಿ ಇನ್ನೊಂದನ್ನು ಶೇಕಡಾ 10 ಇಳಿಸುತ್ತವೆ. ಉಳಿದ ಐದು ಏನೂ ಮಾಡುವುದಿಲ್ಲ. ವಿವರದ ಪುಟದಲ್ಲಿ ಏರಿದ್ದಕ್ಕೆ ಕೆಂಪು ಗುರುತು, ಇಳಿದದ್ದಕ್ಕೆ ನೀಲಿ ಗುರುತು ಇರುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಈ ಪೋಕೆಮಾನ್‌ಗೆ ಯಾವ ಅಂಕ ಬೇಡ? ಗಾರ್ಚಾಂಪ್ ಕೈಕಾಲು, ಉಗುರು ಬಳಸಿ ಹೊಡೆಯುವಂಥದ್ದು. ಅದಕ್ಕೆ ಸ್ಪೆಷಲ್ ಅಟ್ಯಾಕ್ ಬೇಡ. ಜಾಲಿ ನೇಚರ್ ಸ್ಪೀಡ್ ಏರಿಸಿ ಇಳಿಸುವುದು ಅದನ್ನೇ. ಆಡಮಂಟ್ ನೇಚರ್ ಅಟ್ಯಾಕ್ ಏರಿಸಿ ಇಳಿಸುವುದೂ ಅದನ್ನೇ. ಎರಡರಲ್ಲೂ ನಷ್ಟವಿಲ್ಲ. ಸ್ಪೆಷಲ್ ಅಟ್ಯಾಕ್ ನೆಚ್ಚಿಕೊಂಡ ಪೋಕೆಮಾನ್‌ಗಳಿಗೆ ಟಿಮಿಡ್ ಮತ್ತು ಮಾಡೆಸ್ಟ್ ಇದೇ ಕೆಲಸ ಮಾಡುತ್ತವೆ. ಟಿಮಿಡ್ ಸ್ಪೀಡ್ ಏರಿಸುತ್ತದೆ, ಮಾಡೆಸ್ಟ್ ಸ್ಪೆಷಲ್ ಅಟ್ಯಾಕ್ ಏರಿಸುತ್ತದೆ. ಎರಡೂ ಇಳಿಸುವುದು ಅಟ್ಯಾಕನ್ನು. ಹೊಸಬರು ಈ ನಾಲ್ಕನ್ನು ಗೊತ್ತು ಮಾಡಿಕೊಂಡರೆ ಸದ್ಯಕ್ಕೆ ಸಾಕು.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ ನಮ್ಮಲ್ಲಿ. 2002ರಲ್ಲಿ ಬಂದ ರೂಬಿ, ಸಫೈರ್ ಆಟಗಳಲ್ಲಿ ನೇಚರ್ ಮೊದಲು ಕಾಣಿಸಿಕೊಂಡಾಗ ಅದೂ ಹಾಗೇ ಇತ್ತು. ಸಿಕ್ಕಿದ್ದೇ ಕೊನೆ. 2019ರ ಸ್ವೋರ್ಡ್, ಶೀಲ್ಡ್ ಆಟಗಳಲ್ಲಿ ಮಿಂಟ್ ಬಂತು. ಪುದೀನದ ಎಲೆ! ಜಾಲಿ ಮಿಂಟ್ ತಿನ್ನಿಸಿದರೆ ಹೆಸರಿಗೆ ಹಳೆಯ ನೇಚರ್ರೇ ಉಳಿದರೂ ಅಂಕಗಳು ಜಾಲಿ ನೇಚರ್‌ನಂತೆಯೇ ಆಗುತ್ತವೆ.

ಐವಿಗೂ ಈಗ ದಾರಿ ಇದೆ. ಆಟದಲ್ಲಿ ಸಾಕಷ್ಟು ಮುಂದೆ ಹೋದ ಮೇಲೆ ಐವಿ ಅಂದಾಜು ತೋರಿಸುವ ಸೌಲಭ್ಯ ಸಿಗುತ್ತದೆ. ಅದು ಸಂಖ್ಯೆ ಹೇಳುವುದಿಲ್ಲ, ಮಾತಿನಲ್ಲಿ ಹೇಳುತ್ತದೆ. 31 ಇದ್ದರೆ "ಬೆಸ್ಟ್", 30 ಇದ್ದರೆ "ಫೆಂಟಾಸ್ಟಿಕ್", 0 ಇದ್ದರೆ "ನೋ ಗುಡ್". ಭೀಮನ ಸ್ಪೀಡ್‌ಗೆ "ಡೀಸೆಂಟ್" ಅಂತ ಬರುತ್ತದೆ, ಅಂದರೆ 1ರಿಂದ 15ರ ಒಳಗೆ. ಬಾಟಲ್ ಕ್ಯಾಪ್ ಅನ್ನೋ ಮುಚ್ಚಳ ಕೊಟ್ಟು ಹೈಪರ್ ಟ್ರೇನಿಂಗ್ ಮಾಡಿಸಿದರೆ ಆ ಅಂಕ 31 ಇದ್ದಂತೆಯೇ ಕೆಲಸ ಮಾಡುತ್ತದೆ. ಬೆಳ್ಳಿಯದು ಒಂದು ಅಂಕಕ್ಕೆ, ಚಿನ್ನದ್ದು ಆರಕ್ಕೂ. ಇದು 2016ರ ಸನ್, ಮೂನ್ ಆಟಗಳಲ್ಲಿ ಶುರುವಾದಾಗ ಲೆವೆಲ್ 100 ಆಗಿರಲೇಬೇಕಿತ್ತು. ಸ್ಕಾರ್ಲೆಟ್, ವಯೊಲೆಟ್‌ನಲ್ಲಿ 50 ಆದರೆ ಸಾಕು. ಇಪ್ಪತ್ತು ಗಿಬಲ್ ಹಿಡಿದು ಹತ್ತೊಂಬತ್ತನ್ನು ಬಿಡುವ ಕೆಲಸ ಯಾಕೆ ಬೇಡ ಅಂತೀನಿ ಅಂದರೆ ಇದಕ್ಕೇ.

ಪಟ್ಟುಗಳು ಮೈಕಟ್ಟಿಗೆ ಹೊಂದಬೇಕು

ಭೀಮನಿಗೆ ಇನ್ನೂ ಒಂದು ತೊಂದರೆ ಇತ್ತು. ಹುಡುಗ ಅವನಿಗೆ ಡ್ರ್ಯಾಗನ್ ಪಲ್ಸ್ ಅನ್ನೋ ಪಟ್ಟು, ಅಂದರೆ ಕಾಳಗದಲ್ಲಿ ಹೊಡೆಯುವ ಒಂದು ವಿದ್ಯೆ, ಕಲಿಸಿದ್ದ. "ಡ್ರ್ಯಾಗನ್ ಕ್ಲಾ ಪವರ್ 80, ಡ್ರ್ಯಾಗನ್ ಪಲ್ಸ್ ಪವರ್ 85. ಜಾಸ್ತಿ ಇರೋದನ್ನೇ ತಾನೇ ಕಲಿಸಬೇಕು?" ಅಂದ. ನ್ಯಾಯವಾದ ಮಾತೇ. ಆದರೆ ಕ್ಲಾ ಅಂದರೆ ಉಗುರಿನ ಏಟು. ಅದು ಅಟ್ಯಾಕ್ ಅಂಕದಿಂದ ಹೊಡೆಯುತ್ತದೆ. ಪಲ್ಸ್ ಬಾಯಿಂದ ಬಿಡುವ ಅಲೆ. ಅದು ಸ್ಪೆಷಲ್ ಅಟ್ಯಾಕ್‌ನಿಂದ ಹೊಡೆಯುತ್ತದೆ. ಗಾರ್ಚಾಂಪ್‌ಗೆ ಒಂದರ ಬೇಸ್ 130, ಇನ್ನೊಂದರದು 80. 5 ಪವರ್ ಆಸೆಗೆ 50 ಅಂಕ ಕಳೆದುಕೊಂಡ ಹಾಗಾಯಿತು.

ಒಂದು ಪೋಕೆಮಾನ್ ಒಮ್ಮೆಗೆ ನಾಲ್ಕೇ ಪಟ್ಟು ಇಟ್ಟುಕೊಳ್ಳಬಹುದು. ಪಟ್ಟಿನ ಪಕ್ಕದ ಚಿಹ್ನೆ ನೋಡಿದರೆ ಅದು ಯಾವ ಬಗೆಯದು ಅಂತ ಗೊತ್ತಾಗುತ್ತದೆ. 2006ರ ಡೈಮಂಡ್, ಪರ್ಲ್ ಆಟಗಳಿಗೆ ಮುಂಚೆ ಟೈಪ್ (ಬೆಂಕಿ, ನೀರು, ಗಿಡ ಅನ್ನೋ ವರ್ಗ) ನೋಡಿಯೇ ಇದನ್ನು ತೀರ್ಮಾನಿಸುತ್ತಿದ್ದರು. ಈಗ ಪ್ರತಿ ಪಟ್ಟಿಗೂ ಬೇರೆ ಬೇರೆ.

ಪೋಕೆಮಾನ್‌ನ ಟೈಪ್, ಪಟ್ಟಿನ ಟೈಪ್ ಎರಡೂ ಒಂದೇ ಆದರೆ ಏಟು ಒಂದೂವರೆ ಪಟ್ಟು ಆಗುತ್ತದೆ. ಗಾರ್ಚಾಂಪ್ ಡ್ರ್ಯಾಗನ್ ಮತ್ತು ಗ್ರೌಂಡ್ ಎರಡೂ ಹೌದು. ಅರ್ಥ್‌ಕ್ವೇಕ್ ಗ್ರೌಂಡ್ ಪಟ್ಟು, ಪವರ್ 100. ಗಾರ್ಚಾಂಪ್ ಬಳಸಿದರೆ ಅದು 150 ಇದ್ದಂತೆ.

ಆಮೇಲೆ ಎದುರಾಳಿಯ ಟೈಪ್. ಒಟ್ಟು 18 ಟೈಪ್‌ಗಳಿವೆ. ನೀರು ಬೆಂಕಿಗೆ, ಬೆಂಕಿ ಗಿಡಕ್ಕೆ, ಗಿಡ ನೀರಿಗೆ ಎರಡು ಪಟ್ಟು ಏಟು. ಕೆಲವದಕ್ಕೆ ಅರ್ಧ ಏಟು. ಕೆಲವದಕ್ಕೆ ತಾಕುವುದೇ ಇಲ್ಲ. ಎಲೆಕ್ಟ್ರಿಕ್ ಪಟ್ಟು ಗಾರ್ಚಾಂಪ್‌ಗೆ ಏನೂ ಮಾಡದು, ಏಕೆಂದರೆ ಅದು ಗ್ರೌಂಡ್. ಆದರೆ ಐಸ್ ಪಟ್ಟು ಡ್ರ್ಯಾಗನ್‌ಗೂ ಎರಡು ಪಟ್ಟು, ಗ್ರೌಂಡ್‌ಗೂ ಎರಡು ಪಟ್ಟು. ಸೇರಿದರೆ ನಾಲ್ಕು ಪಟ್ಟು. ಗಾರ್ಚಾಂಪ್‌ಗೆ ವೇಗ ಇಷ್ಟೊಂದು ಮುಖ್ಯ ಆಗೋದು ಇದರಿಂದಲೇ. ಐಸ್ ಬೀಮ್ ಬರುವ ಮೊದಲೇ ಅದು ತನ್ನ ಕೆಲಸ ಮುಗಿಸಿರಬೇಕು. ಬೇಸ್ ಸ್ಪೀಡ್ ಸರಿಯಾಗಿ 100 ಇರುವ ಪೋಕೆಮಾನ್‌ಗಳು ತುಂಬ ಇವೆ. ಎಲ್ಲ ತುಂಬಿಸಿದರೂ 50ನೇ ಲೆವೆಲ್‌ನಲ್ಲಿ ಅವುಗಳ ವೇಗ 167. ಗಾರ್ಚಾಂಪ್‌ನದು 169. ಬೇಸ್‌ನಲ್ಲಿರುವ ಆ ಎರಡು ಅಂಕದ ಅಂತರ ನನಗೆ ಈ ಜಾತಿಯ ಮೇಲೆ ಬಹಳ ಪ್ರೀತಿ ಹುಟ್ಟಿಸಿದೆ.

18 ಟೈಪಿನ ಕೋಷ್ಟಕ ಒಂದೇ ದಿನ ಬಾಯಿಪಾಠ ಮಾಡಬೇಡಿ. ನಿಮ್ಮ ತಂಡದ ಆರು ಯಾವುದಕ್ಕೆ ಹೆದರುತ್ತವೆ ಅಂತ ತಿಳಿದುಕೊಳ್ಳಿ. ಆರರಲ್ಲಿ ನಾಲ್ಕು ಒಂದೇ ಟೈಪಿಗೆ ಹೆದರುತ್ತಿದ್ದರೆ ಒಂದೆರಡನ್ನು ಬದಲಿಸಿ.

ಟೈಪ್ ಜೊತೆಗೆ ಅಬಿಲಿಟಿಯನ್ನೂ, ಅಂದರೆ ಪೋಕೆಮಾನ್‌ಗಿರುವ ವಿಶೇಷ ಗುಣವನ್ನೂ, ನೋಡಬೇಕು. ಸ್ಕಾರ್ಲೆಟ್‌ನಲ್ಲಿ ಲೆವಿನ್ಸಿಯಾ ಊರಿನ ಜಿಮ್ ಅನ್ನೋ ಕಾಳಗದ ಅಖಾಡದ ನಾಯಕಿ ಅಯೋನೊ ಇದಕ್ಕೆ ಚೆಂದದ ಉದಾಹರಣೆ. ಅವಳ ಕೊನೆಯ ಪೋಕೆಮಾನ್ ಮಿಸ್ಮೇಜಿಯಸ್, ಟೆರಾಸ್ಟಲ್ ಆಗಿ ಎಲೆಕ್ಟ್ರಿಕ್ ಟೈಪಿಗೆ ಬದಲಾಗುತ್ತದೆ. ಎಲೆಕ್ಟ್ರಿಕ್‌ಗೆ ಇರುವ ಒಂದೇ ಭಯ ಗ್ರೌಂಡ್. ಆದರೆ ಮಿಸ್ಮೇಜಿಯಸ್‌ಗೆ ಲೆವಿಟೇಟ್ ಅನ್ನೋ ಅಬಿಲಿಟಿ ಇದೆ. ಅದು ಗಾಳಿಯಲ್ಲಿ ತೇಲುತ್ತದೆ, ಗ್ರೌಂಡ್ ಪಟ್ಟು ತಾಕುವುದೇ ಇಲ್ಲ. ಅಲ್ಲಿಗೆ ಅದಕ್ಕೆ ಯಾವ ಟೈಪಿನ ಭಯವೂ ಉಳಿಯಲಿಲ್ಲ. ಅಲ್ಲಿ ಸೋತು ಕೂತ ಹೊಸಬರು ಬಹಳ. ಅಲ್ಲಿ ಟೈಪ್ ನೆಚ್ಚಬೇಡಿ, ಗಟ್ಟಿಮುಟ್ಟಾದ ಪೋಕೆಮಾನ್ ಜೊತೆ ಹೋಗಿ.

ಕಾಯಬೇಕಾದ ಕಡೆ ಕಾಯಿರಿ

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಮೊದಲ ಪೋಕೆಮಾನ್ ಆಟಗಳು ಬಂದವು. ರೆಡ್ ಮತ್ತು ಗ್ರೀನ್, ಗೇಮ್ ಬಾಯ್ ಯಂತ್ರಕ್ಕೆ. ಮಾಡಿದವರು ಗೇಮ್ ಫ್ರೀಕ್ ಕಂಪನಿಯ ಸತೋಶಿ ತಾಜಿರಿ ಮತ್ತು ಗೆಳೆಯರು. ತಾಜಿರಿ ಟೋಕಿಯೊ ಹತ್ತಿರದ ಮಾಚಿದದಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ಹುಳಗಳನ್ನು ಹಿಡಿದು ಸಾಕುವ ಹುಚ್ಚು ಅವರಿಗೆ. ಪೇಟೆ ಬೆಳೆದು ಹುಳಗಳ ಜಾಗ ಕಡಿಮೆಯಾದ ಮೇಲೆ, ಆ ಖುಷಿಯನ್ನು ಈಗಿನ ಮಕ್ಕಳಿಗೆ ಆಟದ ಮೂಲಕ ಕೊಡಬೇಕು ಅನ್ನೋದು ಅವರ ಆಸೆಯಾಗಿತ್ತು. ಕಂಬಳಿಹುಳ ಸಾಕಿದವರಿಗೆ ಗೊತ್ತು, ಅದು ಗೂಡು ಕಟ್ಟಿ ಚಿಟ್ಟೆಯಾಗುವವರೆಗೆ ಎಷ್ಟು ಕಾಯಬೇಕು ಅಂತ. ವಿಕಾಸ, ಅಂದರೆ ಎವಲ್ಯೂಷನ್, ಈ ಆಟದಲ್ಲಿ ಹಾಗೆ ಕಾಯುವ ಕೆಲಸ.

ಮ್ಯಾಜಿಕಾರ್ಪ್ ಮೀನನ್ನೇ ನೋಡಿ. ಆರು ಬೇಸ್ ಅಂಕಗಳನ್ನು ಕೂಡಿಸಿದರೆ ಬರೀ 200. ಅಟ್ಯಾಕ್ 10. ಅದರ ಮುಖ್ಯ ಪಟ್ಟು ಸ್ಪ್ಲ್ಯಾಶ್, ಅಂದರೆ ಸುಮ್ಮನೆ ಪಟಪಟ ಕುಣಿಯುವುದು. ಏಟೇ ಇಲ್ಲ. ಆದರೆ 20ನೇ ಲೆವೆಲ್‌ಗೆ ಅದು ಗ್ಯಾರಡೋಸ್ ಆಗುತ್ತದೆ. ಒಟ್ಟು 540, ಅಟ್ಯಾಕ್ 125. ಹತ್ತೊಂಬತ್ತನೇ ಲೆವೆಲ್‌ವರೆಗೆ ಬೇಸರದಿಂದ ಹೊತ್ತು ತಿರುಗಿದವರಿಗೆ ಸಿಗುವ ಸಂಭ್ರಮ ಅದು. ಈಗ ಅನುಭವ ಎಲ್ಲರಿಗೂ ಹಂಚಿಕೆಯಾಗುವುದರಿಂದ ತಂಡದ ಕೊನೆಯಲ್ಲಿ ಇಟ್ಟುಕೊಂಡರೆ ತಾನೇ ಬೆಳೆಯುತ್ತದೆ.

ಎಲ್ಲವೂ ಲೆವೆಲ್‌ನಿಂದಲೇ ವಿಕಾಸ ಆಗುವುದಿಲ್ಲ. ಪಿಕಾಚುಗೆ ಥಂಡರ್ ಸ್ಟೋನ್ ಬೇಕು. ಹಾಂಟರ್, ಮಚೋಕ್, ಕಡಾಬ್ರಾಗಳನ್ನು ಇನ್ನೊಬ್ಬ ಆಟಗಾರನ ಜೊತೆ ಅದಲುಬದಲು ಮಾಡಬೇಕು. ಗೋಲ್‌ಬ್ಯಾಟ್ ಕ್ರೋಬ್ಯಾಟ್ ಆಗಲು ಅಕ್ಕರೆ ಬೇಕು. ಇದನ್ನು ಆಟದಲ್ಲಿ ಫ್ರೆಂಡ್‌ಶಿಪ್ ಅನ್ನುತ್ತಾರೆ. ಜೊತೆಯಲ್ಲಿ ಓಡಾಡಿಸಿ, ಟಾನಿಕ್ ಕೊಡಿ, ಕಾಳಗದಲ್ಲಿ ಸುಸ್ತಾಗಿ ಬೀಳದಂತೆ ನೋಡಿಕೊಳ್ಳಿ. ಈವಿಗೆ ಎಂಟು ದಾರಿಗಳಿವೆ. ಅಕ್ಕರೆಯಿಂದ ಸಾಕಿದ ಈವಿ ಹಗಲಲ್ಲಿ ಲೆವೆಲ್ ಏರಿದರೆ ಎಸ್ಪಿಯಾನ್, ರಾತ್ರಿ ಏರಿದರೆ ಅಂಬ್ರಿಯಾನ್. ಯಾವ ದಾರಿ ಅಂತ ಮೊದಲೇ ಯೋಚಿಸಿ, ಯಾಕೆಂದರೆ ವಾಪಸ್ ಬರಲು ಆಗುವುದಿಲ್ಲ. ವಿಕಾಸ ಈಗಲೇ ಬೇಡ ಅನ್ನಿಸಿದರೆ ಅದು ನಡೆಯುವಾಗ ಬಿ ಗುಂಡಿ ಒತ್ತಿದರೆ ನಿಲ್ಲುತ್ತದೆ.

ಆತುರಕ್ಕೆ ಇನ್ನೊಂದು ತಡೆಯೂ ಇದೆ. ದೊಡ್ಡ ಲೆವೆಲ್‌ನ ಪೋಕೆಮಾನ್ ಹಿಡಿದುಬಿಟ್ಟರೆ ಕಥೆ ಸುಲಭ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಸ್ಕಾರ್ಲೆಟ್‌ನಲ್ಲಿ ಜಿಮ್ ಗೆದ್ದಾಗ ಸಿಗುವ ಬ್ಯಾಡ್ಜ್ ಒಂದೂ ಇಲ್ಲದಿದ್ದರೆ 20ನೇ ಲೆವೆಲ್‌ವರೆಗೆ ಹಿಡಿದವು ಮಾತ್ರ ಮಾತು ಕೇಳುತ್ತವೆ. ಒಂದೊಂದು ಬ್ಯಾಡ್ಜ್‌ಗೆ 5 ಲೆವೆಲ್ ಸೇರುತ್ತದೆ. ಅದಕ್ಕಿಂತ ದೊಡ್ಡದನ್ನು ಹಿಡಿದರೆ ಕಾಳಗದ ನಡುವೆ ನಿಮ್ಮ ಮಾತೇ ಕೇಳದೆ ನಿಂತುಬಿಡುತ್ತದೆ. ಚಿಕ್ಕದನ್ನು ಹಿಡಿದು ನೀವೇ ಬೆಳೆಸಿದರೆ ಈ ತೊಂದರೆ ಬರುವುದಿಲ್ಲ.

ಮೊಟ್ಟೆಗಳ ವಿಷಯ ದೊಡ್ಡದು, ಇಲ್ಲಿ ಎರಡೇ ಮಾತು. ಸ್ಕಾರ್ಲೆಟ್‌ನಲ್ಲಿ ಪಿಕ್ನಿಕ್ ಹೂಡಿದರೆ ಹೊಂದುವ ಜೋಡಿಯಿಂದ ಮೊಟ್ಟೆ ಸಿಗುತ್ತದೆ. ಒಂದಕ್ಕೆ ಡೆಸ್ಟಿನಿ ನಾಟ್ ತೊಡಿಸಿದರೆ ತಂದೆತಾಯಿಯ 12 ಐವಿಗಳಲ್ಲಿ 5 ಮರಿಗೆ ಬರುತ್ತವೆ, ಎವರ್‌ಸ್ಟೋನ್ ತೊಡಿಸಿದ್ದರ ನೇಚರ್ ಹಾಗೇ ದಾಟುತ್ತದೆ.

ನಮ್ಮ ಕಡೆ ತುಂಬ ಜನ ಪೋಕೆಮಾನ್ ಮೊದಲು ಆಡಿದ್ದು ಫೋನಿನ ಪೋಕೆಮಾನ್ ಗೋದಲ್ಲಿ. ಭಾರತಕ್ಕೆ ಅದು 2016ರ ಡಿಸೆಂಬರ್‌ನಲ್ಲಿ ಬಂತು. ಅಲ್ಲಿಂದ ಸ್ವಿಚ್‌ಗೆ ಬಂದವರು ಒಂದನ್ನು ಗಮನಿಸಿ. ಗೋದಲ್ಲಿ ಐವಿ 0ಯಿಂದ 15ರವರೆಗೆ ಮಾತ್ರ. ಇವಿ ಇಲ್ಲ, ನೇಚರ್ ಇಲ್ಲ. ಅಲ್ಲಿ ಸಾಕಣೆಯ ಪಾಲು ಕಡಿಮೆ, ಹುಟ್ಟು ನೋಡುವ ಅಭ್ಯಾಸ ಬೆಳೆಯುವುದು ಸಹಜ. ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ.

ಭೀಮನ ವಿಷಯಕ್ಕೆ ಬರುತ್ತೇನೆ. ಅವತ್ತು ಸಂಜೆ ಕೂತು 28 ಫ್ಲೆಚ್ಲಿಂಗ್‌ಗಳ ಜೊತೆ ಕಾಳಗ ಆಡಿದೆವು. ವೇಗ 113ರಿಂದ 144 ಆಯಿತು. ಕೂಡಿಟ್ಟಿದ್ದ ದುಡ್ಡಿನಲ್ಲಿ ಹುಡುಗ ಜಾಲಿ ಮಿಂಟ್ ಕೊಂಡ. 158. ಡ್ರ್ಯಾಗನ್ ಪಲ್ಸ್ ತೆಗೆದು ಡ್ರ್ಯಾಗನ್ ಕ್ಲಾ ಇಟ್ಟ. ಮಾರನೆಯ ದಿನ ಅಟ್ಯಾಕ್‌ಗೆ ಇವಿ ತುಂಬಿಸಲು ಅವನೇ ಪವರ್ ಬ್ರೇಸರ್ ಹುಡುಕಿಕೊಂಡು ಹೋದ, ನನ್ನನ್ನು ಕೇಳಲೂ ಇಲ್ಲ. ಗೆಳೆಯನ 169ಕ್ಕೆ ಇನ್ನೂ 11 ಬಾಕಿ. ಹುಟ್ಟಿನ 9 ಅಂಕವೇ ಚಿಲ್ಲರೆ ಬಿಡುವ ಲೆಕ್ಕ ಮತ್ತು ನೇಚರ್‌ನ ಗುಣಾಕಾರ ಸೇರಿ 11 ಆಗಿದೆ, ಅಷ್ಟೇ. ಅದಕ್ಕೆ ಒಂದು ಬೆಳ್ಳಿಯ ಬಾಟಲ್ ಕ್ಯಾಪ್ ಬೇಕು. ಊರಿಗೆ ಹೋದ ಮೇಲೂ ದಿನಾ ಸಂಜೆ ಅದನ್ನೇ ಹುಡುಕುತ್ತಿದ್ದಾನಂತೆ.